ಮಾರುವ ಮುಂಚೆ ಹೇಳಬೇಕು

೧೪ ಜೂನ್ ೨೦೧೨, ಗುರುವಾರ. ಬನಹಟ್ಟಿ

ನನ್ನ ಕರಾರು ನಡೆಯುತ್ತದೆಯೋ ಇಲ್ಲವೋ? ಬೆಳಿಗ್ಗೆಯಿಂದ ಇದೊಂದೇ ತಲೆಯಲ್ಲಿ. ನಾನು ಏಜೆಂಟಳಾಗಿ ದುಡಿಯುವ ವಿಮೆ ಏಜೆನ್ಸಿಯನ್ನು ಪರಮಾನಂದ ಅವರು ಮುಧೋಳದವರಿಗೆ ಮಾರಿ ಹದಿನೈದು ದಿನವಾಯಿತಂತೆ. ನನಗೆ ಗೊತ್ತಾದದ್ದು ಇವತ್ತು, ಆಫೀಸಿನ ಹೊಸ ಬೋರ್ಡು ನೋಡಿ.

ಫೋನು ಮಾಡಿದರೆ ಪರಮಾನಂದ ಅವರು, "ನಿಮಗೇನೂ ಆಗಂಗಿಲ್ರಿ ಪ್ರತಿಮಾ ಅವ್ರ, ಇದ್ದಂಗ ನಡೀತೈತಿ" ಎಂದರು. ಆಫೀಸಿನೊಳಗೆ ಕುಳಿತಿದ್ದ ಹೊಸ ಮಾಲೀಕರು, "ಆ ಕರಾರು ಅವ್ರ ಜೋಡಿ ಮಾಡ್ಕೊಂಡಿದ್ದು. ನಾಳೆ ನಮ್ಮ ಕಾಗದಕ್ಕ ಸಹಿ ಮಾಡ್ರಿ" ಎಂದರು. ಅವರ ಕಾಗದದಲ್ಲಿ ರನ್ನ ಬೆಳಗಲಿ ಬೇರೆ ಏಜೆಂಟರಿಗೆ ಹೋಗಿದೆ. ನಾನು ಹನ್ನೊಂದು ವರ್ಷ ತಿರುಗಿದ ಊರು. ಹಳೆಯ ಕರಾರನ್ನು ಮೂರು ಸಲ ಓದಿದೆ. ಏಜೆನ್ಸಿ ಕೈ ಬದಲಾದರೆ ಏನು ಎಂದು ಎಲ್ಲೂ ಬರೆದಿಲ್ಲ. ಸಹಿ ಹಾಕುವಾಗ ನಾನೂ ಕೇಳಿರಲಿಲ್ಲ.

ಮಧ್ಯಾಹ್ನ ಬೆಳಗಲಿಗೇ ಹೋದೆ. ಕಾಮಣ್ಣನ ಕುರಿಗಳಿಗೆ ವಿಮೆ ಮಾಡಿಸುವುದಿತ್ತು. ಒಂದೊಂದರ ಕಿವಿ ಹಿಡಿದು ಬಿಲ್ಲೆಯ ನಂಬರು ಬರೆದುಕೊಳ್ಳುತ್ತ, ಪ್ರತಿ ವರ್ಷದಂತೆ ಹೇಳಿದೆ: ಕುರಿ ಮಾರುವ ಮುಂಚೆ ನನಗೆ ತಿಳಿಸಬೇಕು, ಕೊಂಡವರ ಹೆಸರು ಸೇರಿಸದಿದ್ದರೆ ವಿಮೆ ಬಿದ್ದುಹೋಗುತ್ತದೆ. ಆಮೇಲೆ ತಡೆಯಲಾರದೆ ಆಫೀಸಿನ ಸುದ್ದಿಯನ್ನೂ ಹೇಳಿಬಿಟ್ಟೆ.

ಕಾಮಣ್ಣ ನಗಲಿಲ್ಲ. "ಅಲ್ರಿ ಅಕ್ಕಾರ, ಮಾರೂಕಿಂತ ಮೊದ್ಲ ನಿಮಗ ಯಾರೂ ಹೇಳಲಿಲ್ಲೇನ್ರಿ?" ಎಂದ.

ಕೈಯಲ್ಲಿ ಕುರಿಯ ಕಿವಿ ಹಾಗೇ ಇತ್ತು. ಬರೆಯುತ್ತಿದ್ದ ನಂಬರು ಮರೆತುಹೋಯಿತು.

ಕಣ್ಣು ಎಳೆಯುತ್ತಿದೆ. ನಾಳೆ ಹತ್ತಕ್ಕೆ ಸಹಿ. ಕುರಿಗಾದರೆ, ಮಾರುವ ಮುಂಚೆ ಹೇಳಿ ಎನ್ನಲು ನಾನೊಬ್ಬಳಿದ್ದೆ.