ಜೆಸ್ವಿಟಾಳಿಗಾಗಿ ಒಂದು ಪ್ರಾರ್ಥನೆ

ಹೂರಾ, ಮನಾಮಾ
೧೪ ನವೆಂಬರ್ ೨೦೨೪

ಪ್ರೀತಿಯ ನಝೀಲಾ,

ಹೇಗಿದ್ದೀ? ನಿನ್ನ ಮೆಸೇಜುಗಳಿಗೆಲ್ಲ ಉತ್ತರಿಸದೆ ಕುಳಿತದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಕೆಲಸ ಜಾಸ್ತಿ ಎಂದು ಸುಳ್ಳು ಹೇಳಬಹುದಿತ್ತು; ನಿಜವಾಗಿ ನಿನಗೆ ಮುಖ ತೋರಿಸಲು ನಾಚಿಕೆ. ವಾಟ್ಸಾಪಿನಲ್ಲಿ ಹೇಳುವ ಸಂಗತಿಯಲ್ಲ, ಅದಕ್ಕೇ ಪತ್ರ.

ಮುಂದಿನ ವಾರ ನೀನೂ ಮಂಗಳೂರಿನ ಕಾಲೇಜಿನಲ್ಲಿ ನನ್ನ ಹಾಗೆ ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೆ ತರಬೇತಿಗೆ ಸೇರುತ್ತೀಯಂತೆ. "ನೀನು ಏನು ಕಲಿತೆ, ಹೇಳು" ಎಂದು ಕೇಳಿದ್ದೀ. ನಮ್ಮ ಎಂಎಸ್‌ಡಬ್ಲ್ಯು ತರಗತಿಯಲ್ಲಿ ಗೌಪ್ಯತೆಯ ಬಗ್ಗೆ ಸೆಮಿನಾರ್ ಕೊಟ್ಟು ಚಪ್ಪಾಳೆ ಗಿಟ್ಟಿಸಿದವಳು ನಾನೇ ಅಲ್ಲವೇ? ಕೇಳು.

ಗಲ್ಫಿನ ಈ ಕಾಲೇಜಿನಲ್ಲಿ ಕಷ್ಟ ಹೇಳಿಕೊಳ್ಳಲು ನನ್ನ ಹತ್ತಿರ ಬಂದ ವಿದ್ಯಾರ್ಥಿಗಳಲ್ಲಿ ಜೆಸ್ವಿಟಾ ಒಬ್ಬಳು. ಊರ ಕಡೆಯವಳೇ. ಅಪ್ಪ ಯುಸ್ಟೇಸ್ ಜುಫೈರಿನ ಹೋಟೆಲೊಂದರಲ್ಲಿ ಮ್ಯಾನೇಜರ್, ನಮ್ಮ ಇಗರ್ಜಿಯವರು. ಅಕೌಂಟ್ಸ್ ತಲೆಗೆ ಹತ್ತದೆ ಫೇಲಾಗಿ, ಈಗ ಕ್ಲಾಸಿಗೂ ಹೋಗದೆ ಕ್ಯಾಂಟೀನಿನಲ್ಲಿ ಕೂರುತ್ತಿದ್ದಳು. "ಬೇರೆ ಕೋರ್ಸಿಗೆ ಸೀಟು ಸಿಕ್ಕಿದ ಮೇಲೆ ಡ್ಯಾಡಿಗೆ ನಾನೇ ಹೇಳ್ತೇನೆ ಅಕ್ಕ. ಮೊದಲೇ ಗೊತ್ತಾದ್ರೆ ಓದು ಬಿಡಿಸಿ ಊರಿಗೆ ಕಳಿಸ್ತಾರೆ" ಎಂದು ಅತ್ತಳು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸೀಟಿಗಾಗಿ ಓಡಾಡಿದೆ ಕೂಡ. ಹೆಚ್ಚುಕಡಿಮೆ ಸಿಕ್ಕಿತ್ತು.

ಅವಳ ಅಳು ಮನಸ್ಸಿನಿಂದ ಹೋಗಲಿಲ್ಲ. ಸಂಜೆ ಮನೆಯಲ್ಲಿ ಜಪಸರಕ್ಕೆ ಕೂತಾಗ ಮಮ್ಮಿಗೆ, "ಕಾಲೇಜಿನ ಒಬ್ಬಳು ಹುಡುಗಿಗೂ ಪ್ರಾರ್ಥಿಸಿ" ಎಂದೆ. ಮಮ್ಮಿ ಬಿಡುತ್ತಾರೆಯೇ? "ಹೆಸರಿಲ್ಲದೆ ಹೇಗೆ ಪ್ರಾರ್ಥಿಸುದು ಮಾರಾಯ್ತಿ? ಯಾರ ಮಗಳು? ಏನಂತೆ ಕಷ್ಟ?" ಹೇಳಿಬಿಟ್ಟೆ ನಝೀಲಾ. ದೇವರ ಮುಂದೆ ಹೇಳಿದ್ದು ಎಲ್ಲಿಗೆ ಹೋದೀತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಮರುದಿನ ಮಮ್ಮಿ, ಒಳ್ಳೆಯ ಮನಸ್ಸಿನಿಂದಲೇ, ಜೆಸ್ವಿಟಾಳ ತಾಯಿಗೆ ಫೋನ್ ಮಾಡಿದರು. "ಫೇಲಾದ್ರೆ ಏನಾಯ್ತು, ಧೈರ್ಯ ಬಿಡ್ಬೇಡಿ. ನಾವು ಜಪ ಮಾಡ್ತಾ ಇದ್ದೇವೆ." ಆ ತಾಯಿಗೆ ಏನೇನೂ ಗೊತ್ತಿರಲಿಲ್ಲ.

ಯುಸ್ಟೇಸ್ ಮಗಳ ಕಾಲೇಜು ಬಿಡಿಸಿದರು. ಶಿರ್ವದ ಅತ್ತೆ ಮನೆಗೆ ಕಳಿಸಿಯೂ ಆಯಿತು. ಆಮೇಲೆ ನನಗೆ ಫೋನ್ ಮಾಡಿ, "ಉಪಕಾರ ಆಯ್ತು ಮಗಾ. ನಿನ್ನ ಹೆಸರು ಮಗಳ ಹತ್ರ ಎತ್ತಲಿಲ್ಲ, ಹೆದರ್ಬೇಡ" ಎಂದರು. ನಾನು ಥ್ಯಾಂಕ್ಸ್ ಅಂಕಲ್ ಎಂದೆ. ಥ್ಯಾಂಕ್ಸ್ ಅಂತೆ! ಮಮ್ಮಿ ಈಗಲೂ ದಿನಾ ಅವಳಿಗಾಗಿ ಪ್ರಾರ್ಥಿಸುತ್ತಾರೆ, ನಾನು ಪಕ್ಕದಲ್ಲಿ ಮೊಣಕಾಲೂರಿ ಕೂತಿರುತ್ತೇನೆ.

ನೀನು ಮಕ್ಕಳಿಗಾಗಿ ಎಷ್ಟು ಬೇಕಾದರೂ ದುವಾ ಮಾಡು, ಹೆಸರು ಮಾತ್ರ ಬಾಯಿಂದ ಬಾರದಿರಲಿ. ನಿನ್ನ ಉಮ್ಮನಿಗೆ ಸಲಾಂ ಹೇಳು. ಈ ಕೆಲಸದಲ್ಲಿ ದೇವರು ನಿನ್ನ ಕೈಹಿಡಿದು ನಡೆಸಲಿ.

ನಿನ್ನ,
ಸೋನಲ್

ತಾ.ಕ.: ಊರಿಗೆ ಹೊರಡುವ ಮುಂಚೆ ಜೆಸ್ವಿಟಾ ಆಫೀಸಿಗೆ ಬಂದಿದ್ದಳು. "ನಿಮ್ಮನ್ನು ಬಿಟ್ರೆ ಶರ್ಮಿಳಾಗೆ ಮಾತ್ರ ಗೊತ್ತಿದ್ದದ್ದು. ಸಣ್ಣದಿರುವಾಗಿನ ಫ್ರೆಂಡ್ ಅಕ್ಕ, ಅವಳೇ ಹೀಗೆ ಮಾಡಿದ್ಳು. ಇನ್ನು ಅವಳ ಮುಖ ನೋಡುದಿಲ್ಲ" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರುತ್ತಾ, "ಹೋಗ್ಲಿ, ಅವಳನ್ನು ಕ್ಷಮಿಸಿ ಬಿಡು" ಎಂದೆ.