ಕುಂಕುಮವಿಲ್ಲದ ಟಿವಿ

ರಂಗಣ್ಣ ಅವರೇ,

ಕಳೆದ ಮಂಗಳವಾರ ಬೆಳಿಗ್ಗೆ, ಕೊಟ್ಟ ಮಾತಿಗೆ ಮೂರು ದಿನ ಮೊದಲೇ, ನಮ್ಮ ಚಾಮರಾಜಪೇಟೆಯ ವಾಚನಾಲಯದ ಸಮಿತಿಯವರು ನಿಮ್ಮ ರಿಪೇರಿ ಅಂಗಡಿಯ ಬೀಗ ತೆಗೆದು ಹಳೆಯ ಟಿವಿಗಳನ್ನು ಗುಜರಿ ಲಾರಿಗೆ ಹೇರಿದರು. ಶುಕ್ರವಾರದವರೆಗೆ ಒಂದನ್ನೂ ಮುಟ್ಟುವುದಿಲ್ಲ ಎಂದು ಕಾರ್ಯದರ್ಶಿಗಳು ನನ್ನೆದುರೇ ಹೇಳಿದ್ದರು. ಹೋದವುಗಳಲ್ಲಿ ಒಂದು ಕಾಲಕ್ಕೆ ಬೀದಿಯವರೆಲ್ಲ ಕೂಡಿ ನೋಡುತ್ತಿದ್ದ ಬೀದಿಯ ಟಿವಿಯೂ ಇತ್ತು. ಅದನ್ನು ಗುಜರಿಯ ಪಟ್ಟಿಗೆ ಸೇರಿಸಿದವಳು ನಾನು. ಬೇರೆ ಯಾರೋ ನಿಮಗೆ ಹೇಳುವ ಮೊದಲು...

ನಿಮ್ಮ ವೈಕುಂಠ ಸಮಾರಾಧನೆ ಮುಗಿದ ವಾರವೇ ಕಾರ್ಯದರ್ಶಿಗಳು ನನ್ನನ್ನು ಕರೆಸಿದ್ದರು. ನಿಮ್ಮ ಅಂಗಡಿಯಿದ್ದ ವಾಚನಾಲಯದ ಮುಂದಿನ ಕೋಣೆ ಅವರಿಗೆ ಖಾಲಿ ಬೇಕಂತೆ. "ಮೇಡಂ, ದಿನಾ ಅಲ್ಲಿ ಕೂತಿರ್ತಿದ್ದೋರು ನೀವೇ ಅಲ್ವಾ? ಮೂರು ಆರಿಸಿ, ಅವರ ನೆನಪಿಗೆ ಪುಸ್ತಕದ ಬೀರು ಪಕ್ಕ ಇಡೋಣ. ಬಿಚ್ಚಿ ಸಾಮಾನು ತಗೊಳ್ಳೋದಿದ್ರೆ ಪಾರ್ಟು ಮಾರೋ ಸಲೀಮ್ ಒಯ್ಲಿ. ಮಿಕ್ಕಿದ್ದು ಗುಜರಿಗೆ." ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ನನಗೆ ತಪ್ಪಿದ ಒತ್ತಕ್ಷರ ದೂರದಿಂದಲೇ ಕಾಣುತ್ತದೆ. ಟಿವಿಯ ಹೊಟ್ಟೆಯೊಳಗೆ ಏನು ಕಾಣುತ್ತದೆ ಹೇಳಿ? ಹಚ್ಚಿ ನೋಡೋಣವೆಂದರೆ, ಬಹಳ ದಿನ ಮಲಗಿದ ಸೆಟ್ಟಿಗೆ ನೇರ ಕರೆಂಟು ಕೊಡಬಾರದು ಎಂದು ಗದರಿದ್ದವರು ನೀವೇ.

ಆಯುಧಪೂಜೆಯ ದಿನ ನೀವು ಕುಂಕುಮದ ಬಟ್ಟಲು ಹಿಡಿದು ಅಂಗಡಿ ಸುತ್ತುತ್ತಿದ್ದದ್ದು ನೆನಪಾಯಿತು. ಸ್ಕ್ರೂಡ್ರೈವರಿಗೆ, ಬೆಸುಗೆ ಕಡ್ಡಿಗೆ, ಆಮೇಲೆ ಕೆಲವು ಟಿವಿಗಳ ಬೆನ್ನಿಗೆ ಮಾತ್ರ ಬೊಟ್ಟು. ಉಳಿದವನ್ನು ಹಾಗೇ ದಾಟಿ ಹೋಗುತ್ತಿದ್ದಿರಿ. ನೀವು ಬೊಟ್ಟಿಟ್ಟವೇ ನಿಮಗೆ ಪ್ರೀತಿಯವು ಎಂದುಕೊಂಡೆ. ಯಾರಾದರೂ ಹಾಗೆ ಅಂದುಕೊಳ್ಳುವುದಿಲ್ಲವೇ? ಕುಂಕುಮವಿದ್ದ ಮೂರನ್ನು ಉಳಿಸಿ, ಇಲ್ಲದವನ್ನು ಗುಜರಿಗೆ ಬರೆದು, ಸಹಿ ಹಾಕಿ ಕೊಟ್ಟೆ.

ಸೋಮವಾರ ಸಂಜೆ ಸಲೀಮ್ ಅಂಗಡಿಗೆ ಬಂದರು. ಬಿಡಿಭಾಗದ ವ್ಯಾಪಾರದಲ್ಲಿ ಇಷ್ಟು ವರ್ಷ ನಿಮ್ಮೊಡನೆ ಜಗಳವಾಡಿದವರು, ನಿಮ್ಮ ಸ್ಟೂಲಿನ ಮೇಲೆ ಕೂರಲು ಒಪ್ಪದೆ ನಿಂತೇ ಇದ್ದರು. ನನ್ನ ಬಳಿಯಿದ್ದ ಪಟ್ಟಿಯ ನಕಲು ಓದಿ ಹಣೆ ಚಚ್ಚಿಕೊಂಡರು.

"ಅಯ್ಯೋ ಅಕ್ಕಾ, ಏನ್ ಮಾಡ್ಬಿಟ್ರಿ! ಬೊಟ್ಟಿಟ್ಟಿರೋದೆಲ್ಲಾ ಬಿಚ್ಚೋ ಡಬ್ಬ. ಪಾರ್ಟು ಕೊಟ್ಟು ಅನ್ನ ಹಾಕೋದು ಅದು, ಅದ್ಕೆ ಪೂಜೆ ಅಂತಿದ್ದ ರಂಗಣ್ಣ. ಓಡೋ ಡಬ್ಬಕ್ಕೆ ಯಾಕಪ್ಪಾ ಕುಂಕುಮ, ಅದೇನ್ ಮಾಡುತ್ತೆ, ಕುಣಿಯುತ್ತೆ ಅಷ್ಟೇ ಅಂತಿದ್ದ."

"ಹಾಗಾದ್ರೆ ಬೀದಿಯ ಟಿವಿ?"

"ಓಡ್ತಾ ಇದೆ ಅಕ್ಕಾ. ಪಿಕ್ಚರ್ ಟ್ಯೂಬ್ ನಾನೇ ತಂದ್ಕೊಟ್ಟೆ. ಮೇಡಂಗೆ ಹೇಳ್ಬೇಡ, ಒಂದಿನ ಕೂರಿಸಿ ತೋರಿಸ್ತೀನಿ ಅಂದಿದ್ದ."

ನೀವು ನನಗೆ ಒಂದು ಮಾತು ಹೇಳಬಾರದಿತ್ತೇ?

ಮರದ ಬಾಗಿಲು ಸರಿಸಿದರೆ ಪರದೆ ಕಾಣುವ, ನಾಲ್ಕು ಕಾಲಿನ ಆ ಸೆಟ್ಟು ವಾಚನಾಲಯದ ಪಡಸಾಲೆಯಲ್ಲಿದ್ದಾಗ ಬೀದಿಯೇ ಅದರ ಮುಂದೆ ಕೂರುತ್ತಿತ್ತು. ಅಪ್ಪ ಹೋದ ಮೇಲೆ ಹೊಸಿಲು ದಾಟದ ಅಮ್ಮ ಭಾನುವಾರ ಸಂಜೆ ಮಾತ್ರ ಸೆರಗು ಹೊದ್ದು ಅಲ್ಲಿಗೆ ಬರುತ್ತಿದ್ದಳು. ಕಂಬದ ಪಕ್ಕದ ಜಾಗ ಅವಳಿಗೇ ಮೀಸಲು. ಅದು ಕೆಟ್ಟು ನಿಂತಾಗ ಯಾರೂ ಕೇಳಲಿಲ್ಲ, ಮನೆಮನೆಗೂ ಬಣ್ಣದ್ದು ಬಂದಿತ್ತು. ಅಮ್ಮ ಮತ್ತೆ ಹೊರಗೆ ಬರಲಿಲ್ಲ. ನೀವು ಅದನ್ನು ಒಳಗೆ ಒಯ್ದು ಗೋಣಿ ಹೊದಿಸಿದಿರಿ. ಸತ್ತಿದೆ ಎಂದೇ ನಾನು ನಂಬಿದ್ದೆ.

ಮಂಗಳವಾರ ಹೊಸ ಪಟ್ಟಿ ಹಿಡಿದು ಹೋದಾಗ ಕೋಣೆ ಗುಡಿಸಿಯಾಗಿತ್ತು. "ನಿಮ್ಮ ಕೈಬರಹನೇ ಅಲ್ವಾ ಮೇಡಂ? ಲಾರಿ ಸಿಕ್ತು, ಕಳಿಸ್ಬಿಟ್ವಿ" ಎಂದರು ಕಾರ್ಯದರ್ಶಿಗಳು. ಶುಕ್ರವಾರ ಎಂದಿದ್ದಿರಲ್ಲ ಎಂದೆ. "ಹಳೇ ಡಬ್ಬಕ್ಕೆ ಶುಕ್ರವಾರ ಏನು, ಮಂಗಳವಾರ ಏನು" ಎಂದು ನಕ್ಕರು. ಲಾರಿ ಎಲ್ಲಿಯದು ಎಂದರೆ ಗೊತ್ತಿಲ್ಲವಂತೆ. ಸಲೀಮ್ ಎರಡು ದಿನ ಗುಜರಿ ಅಂಗಡಿಗಳನ್ನು ಅಲೆದು ಬರಿಗೈಯಲ್ಲಿ ಬಂದರು.

ಅಂದು ಅಭ್ಯಾಸಬಲದಿಂದ ಹೋಟೆಲಿಗೆ ಹೋಗಿ, ದಿನಾ ನಾವಿಬ್ಬರೂ ಹಂಚಿಕೊಳ್ಳುತ್ತಿದ್ದ ಹಾಗೆ, ಬೈಟೂ ಕಾಫಿ ಎಂದುಬಿಟ್ಟೆ. ಇನ್ನೊಬ್ಬರು ಎಲ್ಲಿ ಎಂದು ಮಾಣಿ ನೋಡಿದ. ಇಡೀ ಲೋಟ ನನಗೆ ಹೆಚ್ಚು. ಅರ್ಧ ಬಿಟ್ಟು ಎದ್ದೆ. ಪೇಪರಿನಲ್ಲಿ ಸಿಟ್ಟು ಬರಿಸುವ ಸುದ್ದಿ ಇದ್ದರೆ ಈಗ ಯಾರಿಗೆ ಓದಿ ಹೇಳಲಿ?

ನನ್ನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಇಂದು ಬೆಳಿಗ್ಗೆ ಅದನ್ನು ಬರೆದು, ಹೆಸರು ಹಾಕಿ, ವಾಚನಾಲಯದ ಫಲಕಕ್ಕೆ ಅಂಟಿಸಿ ಬಂದೆ. ಕೆಳಗೆ ಅರ್ಧ ಹಾಳೆ ಸಮಿತಿಯ ಉತ್ತರಕ್ಕೆ ಖಾಲಿ ಬಿಟ್ಟಿದ್ದೇನೆ. ನನ್ನ ಕಿವಿಯಲ್ಲಿ ಹೇಳುವ ಸಮಾಧಾನ ನನಗೆ ಬೇಡ. ಕೊಟ್ಟ ಮಾತು ಮುರಿದು ಮಂಗಳವಾರ ಲಾರಿ ಕರೆಸಿದವರು ಯಾರು? ಬೀದಿಯ ಸ್ವತ್ತನ್ನು ಬೀದಿಯವರನ್ನು ಕೇಳದೆ ಸಾಗಿಸುವ ಹಕ್ಕು ಅವರಿಗೆ ಕೊಟ್ಟವರು ಯಾರು? ಅದು ಈಗ ಎಲ್ಲಿದೆ? ಬೀದಿಯವರೆಲ್ಲ ಓದುವಂತೆ, ಸಹಿ ಹಾಕಿ, ಅಲ್ಲೇ ಬರೆಯಲಿ.