ಮೇಯರ್‌ಗೆ ಹೊಸ ನೀರು

ಟ್ಯಾಮ್‌ವರ್ತ್,
೧೪ ನವೆಂಬರ್ ೨೦೧೯, ಗುರುವಾರ

ಪ್ರೀತಿಯ ಅಪ್ಪಾ,

‘ಮೀನು ತನ್ನ ತೊಟ್ಟಿಯ ಅಳತೆಗೆ ಬೆಳೆಯುತ್ತದೆ, ಆಮೇಲೆ...’ ನೀನು ಹೇಳುತ್ತಿದ್ದ ಈ ಮಾತಿನ ಕೊನೆ ನನಗೆ ಮರೆತಿದೆ. ‘ಆಮೇಲೆ ಸುಮ್ಮನಿರುತ್ತದೆ’ ಎನ್ನುತ್ತಿದ್ದೆಯೋ, ‘ಆಮೇಲೆ ಸುಖವಾಗಿರುತ್ತದೆ’ ಎನ್ನುತ್ತಿದ್ದೆಯೋ? ಎರಡೂ ಒಂದೇ ಅಲ್ಲ ಎಂಬ ಯೋಚನೆ ಈ ವಾರವೆಲ್ಲ ನನ್ನನ್ನು ಬಿಟ್ಟಿಲ್ಲ.

ಸೊಂಟ ಹೇಗಿದೆ? ಕೋಲು ಹಿಡಿದು ಊಟದ ಮನೆಯವರೆಗೆ ನಡೆಯುತ್ತೀಯಂತೆ, ನಿನ್ನ ಆರೈಕೆ ಕೇಂದ್ರದ ನರ್ಸ್ ಹೇಳಿದರು. ಅಲ್ಲಿನ ಸೂಪಿಗೆ ಉಪ್ಪಿಲ್ಲ ಎಂದು ಗೊಣಗುತ್ತೀಯೆಂದೂ ಹೇಳಿದರು. ಗೊಣಗುವ ಶಕ್ತಿ ಬಂದಿದೆಯೆಂದು ನನಗೆ ಸಮಾಧಾನವಾಯಿತು. ಇಲ್ಲಿ ಮಳೆಯ ಸುಳಿವಿಲ್ಲ. ಬೆಳಗ್ಗೆ ಕಿಟಕಿ ತೆರೆದರೆ ಹೊಗೆಯ ವಾಸನೆ. ಊರಲ್ಲಿ ಎಲ್ಲರೂ ಸ್ನಾನದ ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಮೈಮೇಲಿಂದ ಇಳಿದ ನೀರನ್ನೂ ಹಿಡಿಯುತ್ತಿದ್ದೇವೆ.

ನಿನ್ನ ಮೇಯರ್ ಈಗ ತನ್ನ ಗಾಜಿನ ತೊಟ್ಟಿಯ ಸಮೇತ ನಮ್ಮ ಅಡುಗೆಮನೆಯ ಮೂಲೆಯಲ್ಲಿದ್ದಾನೆ. ಅದೇ ದಪ್ಪ ತುಟಿ, ಭಾಷಣ ಶುರುಮಾಡಿ ಮರೆತವನ ಅದೇ ಮುಖ. ತೋಟ ಮಾರುವ ಮುಂಚೆ ನೀನು ಕೆರೆಗೆ ಪರ್ಚ್ ಮೀನಿನ ಮರಿಗಳನ್ನು ಬಿಟ್ಟಾಗ ಒಂದನ್ನು ಮಾತ್ರ ಎತ್ತಿಟ್ಟುಕೊಂಡೆಯಲ್ಲ, ಅದರ ಜೊತೆಯವು ಈಗ ಮೊಳಕೈ ಉದ್ದ ಇವೆಯಂತೆ. ಇವನು ನನ್ನ ಬೆರಳಿನಷ್ಟೇ. ಬೆನ್ನು ತುಸು ಬಾಗಿದೆ, ಕಣ್ಣು ಮಾತ್ರ ದೊಡ್ಡ ಮೀನಿನದು. ಆ ಕಣ್ಣು ನೋಡಿಯೇ ನನಗೆ ಅನುಮಾನ ಬಂದದ್ದು. ತೊಟ್ಟಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿ ಮೀನಿನ ಅಂಗಡಿಗೆ ಒಯ್ದೆ. ಅಂಗಡಿಯವಳು ಅದಕ್ಕೆ ಹೊಲಸನ್ನು ಪತ್ತೆಮಾಡುವ ಮದ್ದು ಎರಡು ಹನಿ ಹಾಕಿದಳು, ನೀರು ರಕ್ತದಂತೆ ಕೆಂಪಾಯಿತು. "ನೀರು ಯಾವಾಗ ಬದಲಾಯಿಸಿದ್ದು?" ಎಂದಳು. "ನಾವು ಚೆಲ್ಲೋದೇ ಇಲ್ಲ, ಕಮ್ಮಿಯಾದಷ್ಟು ತುಂಬಿಸ್ತೀವಿ" ಎಂದೆ. "ಈ ಊರಲ್ಲಿ ಎಲ್ರೂ ಇದನ್ನೇ ಹೇಳ್ತಾರೆ ಕಣ್ರೀ. ನಮ್ಮಮ್ಮನೂ ಅಷ್ಟೇ" ಎಂದು ನಕ್ಕುಬಿಟ್ಟಳು.

ಆವಿಯಾಗಿ ಹೋಗುವುದು ಬರಿಯ ನೀರು, ಅಪ್ಪಾ. ಮೀನಿನ ಹೊಲಸು ಕರಗಿ ಅಲ್ಲೇ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ತಿಂದದ್ದೆಲ್ಲ ಆ ನೀರನ್ನು ತಾಳಿಕೊಳ್ಳುವುದಕ್ಕೇ ಖರ್ಚಾಗಿ, ಬೆಳೆಯಲು ಏನೂ ಮಿಗುವುದಿಲ್ಲ. ಗಾಜು ಕಂಡು ತಾನಾಗಿ ಚಿಕ್ಕದಾಗುವ ಮೀನು ಎಲ್ಲಿಯೂ ಇಲ್ಲವಂತೆ. ಅದು ಹೊಂದಿಕೊಂಡದ್ದಲ್ಲ, ಸಹಿಸಿಕೊಂಡದ್ದು. ಇದು ನಿನ್ನ ತಪ್ಪೆಂದು ಬರೆಯುತ್ತಿಲ್ಲ. ಬರ ಕಂಡವರ ಕೈ ನೀರು ಚೆಲ್ಲಲು ಏಳುವುದಿಲ್ಲ. ನನ್ನ ಕೈಯೂ ಏಳಲಿಲ್ಲ.

ಒಮ್ಮೆಲೇ ಬದಲಾಯಿಸಿದರೆ ಸಾಯುತ್ತಾನೆಂದು ದಿನಕ್ಕೆ ಒಂದೊಂದು ಜಗ್ ತೆಗೆದು, ಅಷ್ಟೇ ಹೊಸದು ಹಾಕುತ್ತಿದ್ದೇನೆ. ತೆಗೆದದ್ದು ನಿಂಬೆ ಗಿಡಕ್ಕೆ ಹೋಗುತ್ತದೆ, ಆದ್ದರಿಂದ ನೀನು ಬೈಯುವಂತಿಲ್ಲ. ಮುಚ್ಚಿಕೊಂಡೇ ಇರುತ್ತಿದ್ದ ಬೆನ್ನಿನ ರೆಕ್ಕೆಯನ್ನು ಮಂಗಳವಾರ ಅಷ್ಟಗಲ ಬಿಚ್ಚಿದ. ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಬಾಗಿದ ಬೆನ್ನು ಇನ್ನು ನೇರವಾಗದು, ಮೊಳಕೈ ಉದ್ದವೂ ಆಗಲಾರ. ಆದರೆ ಹಸಿವು ಬಂದಿದೆ.

ಭಾನುವಾರ ಫೋನಿನಲ್ಲಿ ನೀನು, "ಇಲ್ಲೇ ಇದ್ಬಿಡ್ತೀನಿ ಕಣೇ. ಕಿಟಕಿ ಇದೆ, ರೇಡಿಯೊ ಇದೆ. ಮೇಯರ್ ಥರ ನಾನೂ ಜಾಗ ನೋಡ್ಕೊಂಡು ಚಿಕ್ಕೋನಾಗ್ತೀನಿ" ಎಂದೆ. ನಾನು ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ. ನನಗೆ ಹೊರೆಯಾಗಬಾರದೆಂಬ ಒಂದೇ ಕಾರಣಕ್ಕೆ ಹಾಗೆ ಹೇಳಿದೆಯೆಂದು ಗೊತ್ತಾಗದಷ್ಟು ದಡ್ಡಿಯೇ ನಿನ್ನ ಮಗಳು?

ಕಾಲಿಗೆ ಬೆಚ್ಚಗೆ ಹಾಕಿಕೋ. ಸೂಪಿನವರ ಜೊತೆ ಜಗಳ ಬೇಡ. ಮೇಯರ್‌ನದೂ ಸೇರಿಸಿ ಮುತ್ತುಗಳು.

ನಿನ್ನ,
ಮೆರಿಡಿತ್

ಮರೆಯುವ ಮುಂಚೆ: ಆ ಕೋಣೆಯನ್ನು ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಡ ಅಪ್ಪಾ. ಇಲ್ಲಿಗೆ ಬಾ. ಮುಂದಿನ ಕೋಣೆಯಿಂದ ನನ್ನ ಪುಸ್ತಕಗಳನ್ನೆಲ್ಲ ತೆಗೆದಾಯಿತು, ಈಗ ಅಲ್ಲಿ ಬೆಳಕು ಚೆನ್ನಾಗಿ ಬರುತ್ತದೆ. ಇಷ್ಟು ಬರೆಯುವಾಗ ಪಕ್ಕದ ಮನೆಯ ನೋಯ್ಲೀನ್ ಅಳತೆ ಟೇಪು ಹಿಡಿದು ಬಾಗಿಲಿಗೆ ಬಂದಳು. ನೀನಿನ್ನೂ ಒಪ್ಪಿಲ್ಲವೆಂದು ಹೇಳಿದೆ. ಅದಕ್ಕವಳು, "ಒಪ್ಲಿ ಬಿಡ್ಲಿ, ಮೆಟ್ಟಿಲಿಗೆ ಹಿಡಿಕೆ ಶನಿವಾರ ಹಾಕಿಸೋದೇ. ನಿಮ್ಮಪ್ಪನ ಕೈ ಎಷ್ಟೆತ್ತರಕ್ಕೆ ಬರತ್ತೆ, ಅದನ್ನ ಮಾತ್ರ ಕೇಳಿ ಹೇಳು" ಎಂದಳು.